ಕೂರಿಗೆ ರಿಪೇರಿ ಮಾಡಿದ ಹುಡುಗ

ಎರಡು ಮಳೆ ಬಿದ್ದು ಎರಿ ಹೊಲ ಹದಕ್ಕ ಬಂದೈತಿ. ನಿನ್ನೆ ಮುಂಜಾನೆ ಹೆಸರು ಬಿತ್ತಾಕ ಹೋದ್ರ ಟ್ರ್ಯಾಕ್ಟರ್ ಕೂರಿಗೆ ಕೈಕೊಟ್ಟಿತು. ಎರಡು ತಾಳಿನೊಳಗ ಬೀಜಾನ ಇಳೀವಲ್ದು. ಯಲಬುರ್ಗಾದಿಂದ ಮೆಕ್ಯಾನಿಕ್ ಬರೋದ್ರಾಗ ಹದ ಆರಿಹೋಗತೈತಿ. ನಮ್ಮಣ್ಣನ ಮಗ ಬಂದ, ಚಕ್ರ ಒಂದು ಸುತ್ತು ತಿರುಗಿಸಿ ಕಿವಿಗೊಟ್ಟು ಕೇಳಿದ. "ಬೇರಿಂಗ್ ಹೋಗೈತಿ ಕಾಕಾ, ಶಾಫ್ಟ್ ಒಂದು ಕಡೆ ಎಳೀತೈತಿ" ಅಂದ. ಮೂಲೆಗೆ ಬಿದ್ದಿದ್ದ ಹಳೇ ಕೂರಿಗೆಯ ಬೇರಿಂಗ್ ಬಿಚ್ಚಿ ಇದಕ್ಕ ಕೂಡಿಸಿದ. ಸಂಜೆಯೊಳಗ ಮೂರು ಎಕರೆ ಬಿತ್ತಿದ್ವಿ.

ಈ ಹುಡುಗ ಐಟಿಐ ಫಿಟ್ಟರ್ ಪಾಸಾದವ. ಹತ್ತನೇ ತನಕ ಕನ್ನಡ ಶಾಲೆ. ಹೋದ ತಿಂಗಳು ಕೊಪ್ಪಳದ ಕಡೆ ಒಂದು ಕಾರ್ಖಾನೆಗೆ (ಹೆಸರು ಬ್ಯಾಡ) ಸಂದರ್ಶನಕ್ಕ ಹೋಗಿದ್ದ. ಮಶೀನು ನೋಡಿಕೊಳ್ಳೋ ಕೆಲಸ. ಎದುರಿಗೆ ಕುಂತವರು ಮೂವರು. ಮೊದಲನೇ ಪ್ರಶ್ನೆ, ನಿನ್ನ ಬಗ್ಗೆ ಇಂಗ್ಲಿಷಿನಲ್ಲಿ ಹೇಳು. ಹೆಸರು, ಊರು ಹೇಳಿದ. ಮುಂದ ಗಂಟಲು ಕಟ್ಟಿತು. "ಸರ್, ಕನ್ನಡದಾಗ ಹೇಳ್ಲಿ?" ಅಂದದ್ದಕ್ಕ ಒಬ್ಬರು ಅವನ ಅರ್ಜಿ ಮಡಚಿ ಬದಿಗಿಟ್ಟರಂತ. ವರ್ನಿಯರ್ ಹಿಡಿಯಾಕ ಬರತೈತೇನು ಅಂತ ಯಾರೂ ಕೇಳಲಿಲ್ಲ. ಬೇರಿಂಗ್, ಕಪ್ಲಿಂಗ್, ಶಾಫ್ಟ್, ಗೇಜ್ ಅಂತ ದಿನಕ್ಕ ನೂರು ಇಂಗ್ಲಿಷ್ ಶಬ್ದ ಅವನ ಬಾಯಾಗ ಅದಾವ. ಅವರಿಗೆ ಬೇಕಾಗಿದ್ದು ವಾಕ್ಯ.

ಒಂದು ಒಪ್ಪಿಕೊಳ್ಳಬೇಕು. ಅವತ್ತು ರಾತ್ರಿ ನಾನೂ ಬೈದೆ. "ಎರಡು ವರ್ಷ ಐಟಿಐ ಕಲ್ತು ನಾಕು ಮಾತು ಇಂಗ್ಲಿಷ್ ಬರಲಿಲ್ಲೇನೋ?" ಅಂತ. ಹುಡುಗ ಉಣ್ಣದೆ ಮಲಗಿದ. ನಿನ್ನೆ ಅವನ ಕೈಕೆಲಸ ನೋಡಿದ ಮೇಲೆ ಆ ಮಾತು ನನಗೇ ಚುಚ್ಚಾಕ ಹತ್ತೈತಿ.

ಇಂಗ್ಲಿಷ್ ಬ್ಯಾಡ ಅಂತ ನಾನು ಅನ್ನೋದಿಲ್ಲ. ಮಶೀನಿನ ಪುಸ್ತಕ ಇಂಗ್ಲಿಷಿನಾಗ ಇರತೈತಿ, ಓದಿ ತಿಳ್ಕೋಬೇಕು. ಓದೋದು ಬ್ಯಾರೆ, ಮೂವರ ಮುಂದ ಟುಸ್ ಪುಸ್ ಮಾತಾಡೋದು ಬ್ಯಾರೆ. ರಾತ್ರಿ ಪಾಳಿಯಾಗ ಬೆಲ್ಟ್ ಹರಿದರ ಹೆಲ್ಪರ್ ಜತಿಗೆ ಯಾವ ಭಾಷಾದಾಗ ಮಾತಾಡ್ತಾರ, ನೀವೇ ಹೇಳ್ರಿ.

ಗ್ರಾಮೀಣ ಬ್ಯಾಂಕಿನದೂ ಇದೇ ಕಥಿ ಇತ್ತು. ಹಳ್ಳಿ ಮಂದಿಗೆ ಸಾಲ ಕೊಡೋ ಬ್ಯಾಂಕಿನ ನೇಮಕಾತಿ ಪರೀಕ್ಷೆ ವರ್ಷಗಟ್ಟಲೆ ಇಂಗ್ಲಿಷ್, ಹಿಂದಿಯಲ್ಲೇ ನಡೀತು. ಅದನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಸಂಸತ್ತಿನಲ್ಲಿ ಹೇಳಿದ್ದು 2019ರ ಜುಲೈನಲ್ಲಿ. ಆಮೇಲೂ ಕಚೇರಿ ಸಹಾಯಕರ ಮುಖ್ಯ ಪರೀಕ್ಷೆಯ 200 ಅಂಕದಾಗ 40 ಅಂಕ ಇಂಗ್ಲಿಷಿಗೆ ಇಲ್ಲವೇ ಹಿಂದಿಗೇ ಉಳೀತು. 2024ರಿಂದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನೂ ಕನ್ನಡದಾಗ ಬರೀಬಹುದು. ನಮ್ಮ ಭಾಗಕ್ಕ 371(ಜೆ) ಮೀಸಲಾತಿ ಐತಿ, ಖರೆ. ಅದು ಸರ್ಕಾರಿ ನೌಕರಿಗೆ. ಖಾಸಗಿ ಕಾರ್ಖಾನೆಯ ಗೇಟಿನ ಒಳಗ ಅದು ನಡಿಯೋದಿಲ್ಲ.

ಕಾರ್ಖಾನೆಗೆ ಹುಡುಗರನ್ನ ಆರಿಸೋ ಅಣ್ಣಾರು, ಅಕ್ಕಾರು ಈ ಪೇಜ್ ಓದ್ತೀರಿ. ಮುಂದಿನ ಸಲ ಒಂದು ಕೆಟ್ಟ ಗೇರ್‌ಬಾಕ್ಸ್ ಮುಂದಿಟ್ಟು ಕನ್ನಡದಾಗ ಕೇಳಿ ನೋಡ್ರಿ.

ಹುಡುಗ ಗಂಗಾವತಿ ಕಡೆ ಅಕ್ಕಿ ಗಿರಣಿ ಒಂದಕ್ಕ ಅರ್ಜಿ ಹಾಕ್ಯಾನ, ಸೋಮವಾರ ಕರೆದಾರ. ಬಸ್ ಚಾರ್ಜು ನಾನೇ ಕೊಡ್ತೀನಿ ಅಂದೀನಿ. ಅಷ್ಟರೊಳಗ ಉಳಿದ ಎರಡು ಎಕರೆ ಬಿತ್ತಬೇಕು, ಮೋಡ ಕಟ್ಟೈತಿ.