ಊರ ಮಾತು, ನಮ್ಮ ಹೆಸರು

ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಈಗ ‘ಶಕ್ತಿ’ ಎಂದರೆ ದೇವಿಯೂ ಅಲ್ಲ, ತೋಳಿನ ಬಲವೂ ಅಲ್ಲ, ಟಿಕೆಟ್. 2023ರ ಜೂನ್ 11ರಿಂದ ಹೆಣ್ಣುಮಕ್ಕಳು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ರೊಕ್ಕ ಕೊಡದೆ ಓಡಾಡುತ್ತಿದ್ದಾರೆ. ಆ ಯೋಜನೆಯ ಹೆಸರು ಶಕ್ತಿ. ಸವದತ್ತಿ ಬಸ್ ಬಂದು ನಿಂತಾಗ ವಯಸ್ಸಾದ ತಾಯಿಯೊಬ್ಬರು “ಇದಕ್ಕ ಶಕ್ತಿ ನಡಿತೈತೇನ್ರಿ?” ಎಂದು ಕಂಡಕ್ಟರರನ್ನು ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಸಾವಿರಾರು ವರ್ಷ ಹಳೆಯ ಮಾತೊಂದು ಕೆಲವೇ ತಿಂಗಳಲ್ಲಿ ಹೊಸ ಅರ್ಥ ಹೊತ್ತುಕೊಂಡು ಬಸ್ ಹತ್ತಿಬಿಟ್ಟಿತು.

ಇದೇ ಹೆಸರಿನ ಇನ್ನೊಂದು ಶಕ್ತಿ ಇದೆ. 1970ರ ದಶಕದಲ್ಲಿ ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ತಬಲಾದ ಉಸ್ತಾದ್ ಝಾಕಿರ್ ಹುಸೇನ್, ವಯೊಲಿನ್‌ನ ಎಲ್. ಶಂಕರ್, ಘಟಂನ ವಿಕ್ಕು ವಿನಾಯಕರಾಮ್ ಸೇರಿ ಕಟ್ಟಿದ ಸಂಗೀತ ತಂಡದ ಹೆಸರೂ ಶಕ್ತಿ. ಆ ತಂಡದ ‘ದಿಸ್ ಮೊಮೆಂಟ್’ ಎಂಬ ಆಲ್ಬಮ್‌ಗೆ 2024ರ ಫೆಬ್ರುವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಝಾಕಿರ್ ಸಾಹೇಬರು ತೀರಿಕೊಂಡರು. ಒಂದು ಶಕ್ತಿ ಲಂಡನ್, ನ್ಯೂಯಾರ್ಕ್ ವೇದಿಕೆಗಳಲ್ಲಿ, ಇನ್ನೊಂದು ಶಕ್ತಿ ಯರಗಟ್ಟಿ ಕ್ರಾಸಿನಲ್ಲಿ. ಹೆಸರಿಗಾಗಿ ಎರಡೂ ಜಗಳವಾಡಲಿಲ್ಲ. ಮಾತು ಎಲ್ಲರದೂ ಆಗಿರುವಾಗ ಜಗಳಕ್ಕೆ ಜಾಗವೂ ಇರುವುದಿಲ್ಲ.

ಹೆಸರುಗಳ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಳ್ಳಲು ಒಂದು ಕಾರಣವಿದೆ. ಈ ವರ್ಷ ನಾವು ಐದು ಜನ ಸೇರಿ ಹಾಡಲು ಶುರು ಮಾಡಿದ್ದೇವೆ. ಒಂದು ಹಾರ್ಮೋನಿಯಂ, ಒಂದು ದಪ್, ಸಾಲ ತಂದ ಒಂದು ಗಿಟಾರ್. ನಮ್ಮಲ್ಲಿ ಮೂವರ ಮನೆಯಲ್ಲಿ ಉರ್ದು, ಇಬ್ಬರ ಮನೆಯಲ್ಲಿ ಕನ್ನಡ. ಬೈಲಹೊಂಗಲ, ಕಿತ್ತೂರು, ರಾಮದುರ್ಗ ಎಂದು ಊರುಗಳೂ ಬೇರೆ ಬೇರೆ. ಹಾಡುಗಳನ್ನು ಆರಿಸಲು ಎರಡು ದಿನ ಸಾಕಾಯಿತು. ಹೆಸರಿಗೆ ಎರಡು ತಿಂಗಳಾದರೂ ಮುಗಿದಿಲ್ಲ. ಉರ್ದು ಹೆಸರಿಟ್ಟರೆ “ಇದು ಅವರದಷ್ಟ” ಎನ್ನುತ್ತಾರೆ ಎಂದು ಒಬ್ಬ. ಸಂಸ್ಕೃತದ ದೊಡ್ಡ ಹೆಸರಿಟ್ಟರೆ ನಮ್ಮ ಅಮ್ಮಿಗೆ ಹೇಳಲಿಕ್ಕೇ ಬರುವುದಿಲ್ಲ ಎಂದು ಇನ್ನೊಬ್ಬ. ಇಂಗ್ಲಿಷ್ ಇಟ್ಟರೆ ಯಾರಿಗೂ ಸಿಟ್ಟು ಬರುವುದಿಲ್ಲ, ಆದರೆ ಯಾರದೂ ಆಗುವುದಿಲ್ಲ. ಕೊನೆಗೆ ಎಲ್ಲರೂ ಒಪ್ಪಿದ್ದು ಒಂದೇ ಷರತ್ತು: ಐದೂ ಮನೆಯ ಹಿರಿಯರ ನಾಲಿಗೆಗೆ ಹತ್ತುವ, ದಿನಬಳಕೆಯ ಒಂದು ಮಾತು ಬೇಕು.

ಹುಡುಕುತ್ತ ಹೋದಾಗ ತಿಳಿದದ್ದೇನೆಂದರೆ, ಬಹಳ ಜನ ಹೀಗೇ ಮಾಡಿದ್ದಾರೆ. ಬೆಂಗಳೂರಿನ ಒಂದು ಬ್ಯಾಂಡ್ ಹೆಸರು ‘ಲಗೋರಿ’. ಹಂಚಿನ ಚೂರು ಒಂದರ ಮೇಲೊಂದು ಇಟ್ಟು ಚೆಂಡು ಹೊಡೆಯುವ ಅದೇ ಆಟ. ಬೆಂಗಳೂರಿನದೇ ಇನ್ನೊಂದು ಬ್ಯಾಂಡ್ ‘ಪರ್ವಾಝ್’, ಉರ್ದುವಿನಲ್ಲೂ ಕಾಶ್ಮೀರಿಯಲ್ಲೂ ಹಾಡುತ್ತದೆ. ಪರ್ವಾಝ್ ಎಂದರೆ ಹಾರಾಟ. ಕೇರಳದ ಒಂದು ರಾಕ್ ಬ್ಯಾಂಡ್ ತನ್ನನ್ನು ‘ಅವಿಯಲ್’ ಎಂದು ಕರೆದುಕೊಂಡಿತು. ಅದು ಹತ್ತಾರು ತರಕಾರಿ ಕೂಡಿಸಿ ಮಾಡುವ ಪಲ್ಯ. ನಾಟಕದವರು ಇನ್ನೂ ಮೊದಲೇ ಈ ದಾರಿ ಹಿಡಿದಿದ್ದರು. 1975ರಲ್ಲಿ ಹುಟ್ಟಿದ ರಂಗತಂಡದ ಹೆಸರು ‘ಸಮುದಾಯ’. ಅದಕ್ಕೂ ಮೊದಲು, 1920ರ ದಶಕದಲ್ಲಿ, ನಮ್ಮ ಪಕ್ಕದ ಧಾರವಾಡದಲ್ಲಿ ಬೇಂದ್ರೆಯವರು ಮತ್ತು ಅವರ ಜೊತೆಗಾರರು ಕಟ್ಟಿಕೊಂಡದ್ದು ‘ಗೆಳೆಯರ ಗುಂಪು’. ಇದಕ್ಕಿಂತ ಸಾದಾ ಹೆಸರು ಇನ್ನೇನಿದೆ? ಅಷ್ಟು ದೊಡ್ಡ ಕವಿಗಳಿಗೆ ದೊಡ್ಡ ಹೆಸರು ಸಿಗುತ್ತಿರಲಿಲ್ಲವೇ? ಅವರಿಗೆ ಅದು ಬೇಕಿರಲಿಲ್ಲ.

ನಮ್ಮ ತಾಲೂಕಿನಲ್ಲೇ ಉದಾಹರಣೆ ಇದೆ. ಬೈಲಹೊಂಗಲದಲ್ಲಿ ನಡೆದ ಘಟನೆಯ ಮೇಲೆ ಕಟ್ಟಿದ್ದು ಎಂದು ಹೇಳುವ ‘ಸಂಗ್ಯಾ ಬಾಳ್ಯಾ’ ಇಡೀ ಕರ್ನಾಟಕಕ್ಕೆ ಗೊತ್ತು. ಆ ಬಗೆಯ ಆಟಕ್ಕೆ ‘ಸಣ್ಣಾಟ’ ಎನ್ನುತ್ತಾರೆ. ಯುದ್ಧ, ಪುರಾಣ, ಕಿರೀಟ, ಭುಜಕೀರ್ತಿ ಇರುವುದು ‘ದೊಡ್ಡಾಟ’. ಸಣ್ಣದು, ದೊಡ್ಡದು, ಆಟ: ಅಂಗನವಾಡಿ ಕೂಸಿಗೂ ಗೊತ್ತಿರುವ ಮೂರು ಮಾತಿನಲ್ಲಿ ಎರಡು ಕಲೆಗಳಿಗೆ ಹೆಸರಾಯಿತು. ‘ಮೇಳ’ ಎಂದರೂ ಹಾಗೆಯೇ. ಅದು ಜನ ಕೂಡುವುದು, ಗೀಗೀ ಹಾಡುವವರ ತಂಡವೂ ಅದೇ.

ನಮ್ಮ ಚರ್ಚೆಯಲ್ಲಿ ಎಲ್ಲರಿಗೂ ನಗು ತರಿಸಿದ ಮಾತು ‘ಕಚೇರಿ’. ತಹಶೀಲ್ದಾರ್ ಕಚೇರಿಯೂ ಕಚೇರಿ, ಸಂಗೀತ ಕಚೇರಿಯೂ ಕಚೇರಿ. ಹಿಂದಿ-ಉರ್ದು ಕಡೆಯಿಂದ ಬಂದ ಈ ಮಾತನ್ನು ಕನ್ನಡದವರು ಪಹಣಿ ತರಲಿಕ್ಕೂ ಬಳಸಿದರು, ರಾಗ ಕೇಳಲಿಕ್ಕೂ ಬಳಸಿದರು. ‘ಅಂಜುಮನ್’ ಕೂಡ ಅಂಥದ್ದೇ. ಫಾರಸಿಯಲ್ಲಿ ಅದರ ಅರ್ಥ ಕೂಟ, ಸಭೆ. ಬದ್ರುದ್ದೀನ್ ತಯ್ಯಬ್ಜಿ ಮೊದಲಾದವರು 1874ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಅಂಜುಮನ್-ಎ-ಇಸ್ಲಾಂ ಇಂದಿಗೂ ನಡೆಯುತ್ತಿದೆ. ಇವತ್ತು ನಮ್ಮ ಭಾಗದಲ್ಲಿ ಅಂಜುಮನ್ ಎಂದರೆ ಜನರಿಗೆ ಮೊದಲು ನೆನಪಾಗುವುದು ಶಾಲೆ, ಕಾಲೇಜು. ಗೆಳೆಯರ ಗುಂಪು, ಮೇಳ, ಅಂಜುಮನ್ ಮೂರನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ. ಮೂರೂ ಹೇಳುವುದು ಒಂದನ್ನೇ: ಜನ ಕೂಡಿದ್ದಾರೆ.

ಸಾದಾ ಮಾತನ್ನು ಹೆಸರಾಗಿ ಇಟ್ಟರೆ ತೊಂದರೆಯೂ ಇದೆ. ಮೊದಲನೆಯದು, ಅದು ನಿಮ್ಮೊಬ್ಬರದೇ ಆಗುವುದಿಲ್ಲ. ‘ನಂದಿನಿ’ ಹಾಲಿನ ಪ್ಯಾಕೆಟ್ ಇಲ್ಲದ ಮನೆ ನಮ್ಮ ರಾಜ್ಯದಲ್ಲಿ ಕಡಿಮೆ. ಕೆಎಂಎಫ್ ಆ ಹೆಸರನ್ನು 1985ರಿಂದ ಬಳಸುತ್ತಿದೆ. ಬೆಂಗಳೂರಿನಲ್ಲಿ 1989ರಲ್ಲಿ ಶುರುವಾದ ‘ನಂಧಿನಿ’ ಎಂಬ ಹೋಟೆಲಿನವರು ತಮ್ಮ ಹೆಸರನ್ನು ನೋಂದಣಿ ಮಾಡಿಸಲು ಹೋದಾಗ ಕೆಎಂಎಫ್ ತಕರಾರು ತೆಗೆಯಿತು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 2018ರ ಜುಲೈನಲ್ಲಿ ತೀರ್ಪು ಹೋಟೆಲಿನವರ ಕಡೆಗೆ ಬಂತು. ನಂದಿನಿ ಎಂಬುದು ಕೆಎಂಎಫ್ ಹುಟ್ಟಿಸಿದ ಮಾತಲ್ಲ, ಪುರಾಣದ ಹಸುವಿನ, ದೇವಿಯ ಹೆಸರು. ಹಾಲಿನ ವ್ಯಾಪಾರ ಬೇರೆ, ಹೋಟೆಲಿನ ವ್ಯಾಪಾರ ಬೇರೆ ಎಂಬುದು ಅದರ ಮುಖ್ಯ ಅಂಶ. ನಮ್ಮ ಕಾಮರ್ಸ್ ಸರ್ ಇದನ್ನು ಹೀಗೆ ಬಿಡಿಸಿ ಹೇಳಿದರು: ಹಾಲು ಮಾರುವವನು ‘ಹಾಲು’ ಎಂಬ ಮಾತೇ ನನ್ನದು ಎನ್ನಲು ಕಾನೂನು ಬಿಡುವುದಿಲ್ಲ. ಆದರೆ ಕಂಪ್ಯೂಟರಿಗೆ ಸೇಬಿನ ಹೆಸರಿಟ್ಟರೆ ಬಿಡುತ್ತದೆ, ಯಾಕೆಂದರೆ ಸೇಬಿಗೂ ಕಂಪ್ಯೂಟರಿಗೂ ಸಂಬಂಧವಿಲ್ಲ.

ಆ ಸೇಬಿನದೂ ಒಂದು ಕತೆಯೇ. ಬೀಟಲ್ಸ್ ತಂಡದವರು 1968ರಲ್ಲಿ ಕಟ್ಟಿದ ಸಂಗೀತ ಕಂಪನಿಯ ಹೆಸರು ಆಪಲ್. 1976ರಲ್ಲಿ ಅಮೆರಿಕದಲ್ಲಿ ಆಪಲ್ ಕಂಪ್ಯೂಟರ್ ಹುಟ್ಟಿತು. ನೀವು ಸಂಗೀತಕ್ಕೆ ಬರಬೇಡಿ, ನಾವು ಕಂಪ್ಯೂಟರಿಗೆ ಬರುವುದಿಲ್ಲ ಎಂದು ಒಪ್ಪಂದವಾಯಿತು. ಆದರೆ ಕಂಪ್ಯೂಟರೇ ಹಾಡತೊಡಗಿತು. ಕೋರ್ಟು, ರಾಜಿ, ಮತ್ತೆ ಕೋರ್ಟು ಎಂದು ಎಳೆದಾಡಿ 2007ರಲ್ಲಿ ಪೂರ್ತಿ ಇತ್ಯರ್ಥವಾಯಿತು. ಹಣ್ಣು ಮಾರುವವರು ಮಾತ್ರ ಈ ಜಗಳದಲ್ಲಿ ಎಲ್ಲೂ ಬರಲಿಲ್ಲ. ಅವರು ತಮ್ಮ ಪಾಡಿಗೆ ಸೇಬು ಮಾರಿದರು.

ಎರಡನೆಯ ತೊಂದರೆ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಹೆಸರು ದೊಡ್ಡದಾದರೆ ಮಾತಿನ ಹಳೆಯ ಅರ್ಥ ಹಿಂದೆ ಸರಿಯುತ್ತದೆ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ಅದರ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋಕ್ಕೆ ಅದೇ ಹೆಸರಾಯಿತು. 1950ರಲ್ಲಿ ಶುರುವಾದ ಧಾರವಾಡದ ಕೇಂದ್ರವನ್ನೂ ನಾವು ಹಾಗೇ ಕರೆಯುತ್ತೇವೆ. ಕಂಸನಿಗೆ ಕೇಳಿಸಿದ ಆಕಾಶವಾಣಿಯ ಕತೆಯನ್ನು ಈಗ ಚಿಕ್ಕ ಹುಡುಗರಿಗೆ ಹೇಳಿದರೆ, ಆಗಲೂ ರೇಡಿಯೋ ಇತ್ತೇ ಎಂದು ಕೇಳುತ್ತಾರೆ.

ಹಾಗಾದರೆ ಊರಿನ ಮಾತನ್ನು ಹೆಸರಾಗಿ ಎತ್ತಿಕೊಳ್ಳುವುದು ತಪ್ಪೇ? ನನ್ನ ಉತ್ತರ ಬಂದದ್ದು ರಾಮದುರ್ಗ ತಾಲೂಕಿನ ನಮ್ಮ ನಾನಾ ಅವರಿಂದ. ನಮ್ಮ ಪಟ್ಟಿಯನ್ನು ಅವರಿಗೆ ಓದಿ ಹೇಳುತ್ತಿದ್ದೆ. ಅದರಲ್ಲಿ ಗೆಳೆಯ ಬರೆದಿದ್ದ ‘ಹಂತಿ’ ಎಂಬ ಮಾತೂ ಇತ್ತು. ನನಗೆ ಅದರ ಅರ್ಥ ಗೊತ್ತಿರಲಿಲ್ಲ. ನಾನಾ ಎದ್ದು ಕುಳಿತರು. ಕಣದ ನಡುವೆ ಮೇಟಿ ನೆಟ್ಟು, ಅದಕ್ಕೆ ಸಾಲಾಗಿ ಎತ್ತು ಕಟ್ಟಿ, ಜೋಳದ ತೆನೆಯ ಮೇಲೆ ಸುತ್ತು ಹೊಡೆಸುವುದು ಹಂತಿ. ರಾತ್ರಿಯೆಲ್ಲಾ ರಾಶಿ ನಡೆಯುವಾಗ ನಿದ್ದೆ ಬರದಂತೆ, ಎತ್ತು ನಿಲ್ಲದಂತೆ ಹಾಡುವುದು ಹಂತಿ ಪದ. ಒಬ್ಬ ಹೇಳಿದರೆ ಉಳಿದವರು ಸೊಲ್ಲು ಎತ್ತಬೇಕು. ಕಣ ಯಾರದಾದರೂ ಹಾಡು ಎಲ್ಲರದು, ಗೌಡರ ಕಣದಲ್ಲಿ ನಾನೂ ಹಾಡಿದ್ದೇನೆ ಎಂದರು. ಹಾಗೆಂದವರು ಕಣ್ಣು ಮುಚ್ಚಿ ಎರಡು ಪದ ಹಾಡಿಯೂ ಬಿಟ್ಟರು. ಮನೆಯಲ್ಲಿ ಸದಾ ಉರ್ದು ಮಾತಾಡುವ ನಾನಾ ಅಷ್ಟು ಗಟ್ಟಿ ಕನ್ನಡದಲ್ಲಿ ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಈಗ ರಾಶಿ ಮಷಿನ್ ಬಂದಿದೆ, ಕೆಲವೇ ತಾಸಿನ ಕೆಲಸ. ಕಣವಿಲ್ಲ, ಮೇಟಿಯಿಲ್ಲ, ಹಂತಿಯೂ ಇಲ್ಲ. ಎತ್ತು ತುಳಿಯುವುದು ಮತ್ತೆ ಬರಲಿ ಎಂದು ನಾನು ಹೇಳುವುದಿಲ್ಲ, ಆ ದುಡಿತ ಎಷ್ಟು ಕಠಿಣ ಎಂದು ನಾನಾ ಅವರ ಬೆನ್ನು ಹೇಳುತ್ತದೆ. ಆದರೆ ವಸ್ತು ಹೋದ ಮೇಲೆ ಮಾತು ಎಲ್ಲಿ ನಿಲ್ಲಬೇಕು? ಲಗೋರಿ ಆಡದ ಹುಡುಗರಿಗೂ ಆ ಬ್ಯಾಂಡಿನಿಂದ ಲಗೋರಿ ಎಂಬ ಮಾತು ಗೊತ್ತು. ಎಲ್ಲರ ಬಾಯಲ್ಲಿರುವ ಮಾತನ್ನು ಹೆಸರು ಮಾಡಿದರೆ ಅದರ ಅರ್ಥ ಅತ್ತಿತ್ತ ಸರಿಯಬಹುದು. ಬಾಯಿಂದ ಜಾರುತ್ತಿರುವ ಮಾತನ್ನು ಹೆಸರು ಮಾಡಿದರೆ ಅದಕ್ಕೆ ಒಂದು ಮನೆ ಸಿಗುತ್ತದೆ. “ಹಂಗಂದ್ರ ಏನು?” ಎಂದು ಕೇಳಿದವರಿಗೆಲ್ಲ ನಾವು ಉತ್ತರ ಹೇಳಬೇಕಾಗುತ್ತದೆ.

ಬೋರ್ಡ್ ಬರೆಯುವ ನಮ್ಮ ಮಾಮು ಬೇರೆಯೇ ಲೆಕ್ಕ ಹೇಳಿದರು: ಎರಡಕ್ಷರದ ಹೆಸರಾದರೆ ಬಣ್ಣ ಕಡಿಮೆ ಸಾಕು, ದೂರದಿಂದ ಕಾಣುತ್ತದೆ ಕೂಡ. ನಾವು ಐವರಲ್ಲಿ ಮೂವರು ಈಗ ಹಂತಿಯ ಕಡೆ ಇದ್ದೇವೆ, ಇಬ್ಬರು ಇನ್ನೂ ಯೋಚಿಸುತ್ತಿದ್ದಾರೆ. ಅವರು ಒಪ್ಪದಿದ್ದರೆ ಬೇರೆ ಮಾತು ಹುಡುಕುತ್ತೇವೆ, ಐದೂ ಮನೆಗೆ ಒಗ್ಗಬೇಕು ಎಂಬ ಷರತ್ತು ಬಿಡುವುದಿಲ್ಲ.

ಅಲ್ಲಿಯ ತನಕ ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಮನೆಯ ದಾದಿ, ನಾನಿ, ಅಜ್ಜ, ಅಮ್ಮ ಮಾತ್ರ ಬಳಸುವ, ನಾವು ಯಾರೂ ಬಳಸದ ಒಂದು ಮಾತನ್ನು ಬರೆದು ಕೊಡಿ. ಒಲೆ ಮುಂದಿನದಾಗಲಿ, ಹೊಲದ್ದಾಗಲಿ, ಮಗ್ಗದ್ದಾಗಲಿ. ಕನ್ನಡವೋ ಉರ್ದುವೋ ಮರಾಠಿಯೋ ಎಂದು ನೋಡಬೇಡಿ. ಅರ್ಥ ಗೊತ್ತಿಲ್ಲದಿದ್ದರೆ ಮೊದಲು ಅವರನ್ನೇ ಕೇಳಿ. ಬಂದ ಮಾತುಗಳನ್ನು ಮುಂದಿನ ಸಂಚಿಕೆಯಲ್ಲಿ ಅರ್ಥದೊಂದಿಗೆ ಹಾಕಲು ಸಂಪಾದಕ ಮೇಡಂ ಒಪ್ಪಿದ್ದಾರೆ. ಅದರಲ್ಲಿ ಒಂದು ನಮಗೆ ಹೆಸರಾಗಬಹುದು. ಉಳಿದವು ಬೇರೆ ಯಾರಿಗಾದರೂ ಬೇಕಾಗುತ್ತವೆ.