ಬೀಸುವ ಕಲ್ಲೂ ಗಣಿಗಾರನ ಮಗಳೂ



ಕಳೆದ ಬೇಸಗೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗಳು ನಮಗೆ ಅಮೇರಿಕದ ಹಳ್ಳಿಗಾಡಿನ ಧಾಟಿಯದೊಂದು ಹಾಡನ್ನು ಕೇಳಿಸಿದಳು. ಅದರ ಹೆಸರು ‘ಕೋಲ್ ಮೈನರ್ಸ್ ಡಾಟರ್’, ಅಂದರೆ ಕಲ್ಲಿದ್ದಲ ಗಣಿಗಾರನ ಮಗಳು. ಅದನ್ನು ಬರೆದು ಹಾಡಿದವಳು ಲೊರೆಟ್ಟಾ ಲಿನ್. ಈಕೆ 1932ರಲ್ಲಿ ಕೆಂಟಕಿ ಸಂಸ್ಥಾನದ ಒಂದು ಕಣಿವೆಯಲ್ಲಿ, ಎಂಟು ಮಕ್ಕಳ ಬಡ ಕುಟುಂಬದಲ್ಲಿ ಹುಟ್ಟಿದಳು. 1948ರಲ್ಲಿ, ಹದಿನೈದನೆಯ ವಯಸ್ಸಿಗೆ, ಮದುವೆಯಾದಳು. ಮಕ್ಕಳನ್ನು ಸಾಕುತ್ತಲೇ ಗಿಟಾರು ಕಲಿತು ಹಾಡು ಕಟ್ಟಿದಳು. 1970ರಲ್ಲಿ ಹೊರಬಂದ ಈ ಹಾಡಿನಲ್ಲಿ ತಂದೆಯ ರಾತ್ರಿಯ ಗಣಿಕೆಲಸವನ್ನೂ ಬಟ್ಟೆ ಉಜ್ಜಿ ನೊಂದ ತಾಯಿಯ ಬೆರಳುಗಳನ್ನೂ ಎಣಿಸಿ ಹೇಳಿ, ಕಡೆಯಲ್ಲಿ ಬರಿದಾದ ಹಳೆಯ ಮನೆಯ ಮುಂದೆ ನಿಲ್ಲುತ್ತಾಳೆ. 2022ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡಳು.

ಆ ಹಾಡನ್ನು ಕೇಳಿ ನಾವು ಬಹಳ ಹೊತ್ತು ಮಾತನಾಡಲಾರದೆ ಹೋದೆವು. ನಮ್ಮ ತಾಯಿಯವರಿಗೂ ಮದುವೆಯಾದುದು ಹದಿನೈದಕ್ಕೇ. ಅವರು ನಸುಕಿನಲ್ಲೆದ್ದು ರಾಗಿ ಬೀಸುತ್ತ ತವರನ್ನೂ ಅಣ್ಣನನ್ನೂ ನೆನೆದು ಹಾಡುತ್ತಿದ್ದರು. ನಾವು ಕಂಬಳಿಯೊಳಗೆ ಮಲಗಿ ಕೇಳುತ್ತಿದ್ದೆವು. ನಾವು ಈ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ ಒಮ್ಮೆ ರಜೆಯಲ್ಲಿ ಅವರು, “ನಿನಗೆ ಬರೆಯಲು ಬರುತ್ತದಲ್ಲಾ ಮಗಳೇ, ನನ್ನ ಹಾಡುಗಳನ್ನು ಒಂದಿಷ್ಟು ಬರೆದಿಡಬಾರದೆ?” ಎಂದರು. ಅಂದವಾದ ಅಕ್ಷರಕ್ಕಾಗಿ ಇಲ್ಲಿ ಬಹುಮಾನ ಪಡೆದಿದ್ದ ನಾವು, “ಪರೀಕ್ಷೆ ಮುಗಿಯಲಿ, ಅವ್ವಾ” ಎಂದು ನಕ್ಕುಬಿಟ್ಟೆವು.

ಪರೀಕ್ಷೆ ಮುಗಿಯಿತು, ಊರಿಗೆ ಹಿಟ್ಟಿನ ಗಿರಣಿಯೂ ಬಂದಿತು. ಅದು ಬಂದುದು ಒಳ್ಳೆಯದೇ ಆಯಿತೆಂದು ನಾವು ಇಂದಿಗೂ ಹೇಳುವೆವು. ತಾಯಿಯವರ ಅಂಗೈಯ ಜಡ್ಡನ್ನು ಮುಟ್ಟಿ ನೋಡಿದ ಯಾವ ಮಗಳೂ ಬೇರೆ ಮಾತನ್ನಾಡಲಾರಳು. ಆದರೆ ಕಲ್ಲು ನಿಂತೊಡನೆ ಹಾಡೂ ನಿಂತಿತು. ಮುಂದೆ ವರ್ಷಗಳ ಮೇಲೆ ನಾವೇ ಕಾಗದ ಹಿಡಿದು ಬಳಿಯಲ್ಲಿ ಕುಳಿತಾಗ ಅವರು, “ಕೈ ತಿರುಗದೆ ಬಾಯಿಗೆ ಬಾರದು ಕಣವ್ವಾ” ಎಂದು ಸುಮ್ಮನಾದರು.

ಈಗ ನಮ್ಮ ತಲೆಯೂ ನರೆತಿದೆ. ಆ ಕಲ್ಲು ಹಿತ್ತಿಲಿನಲ್ಲಿ ಪಾಚಿಗಟ್ಟಿ ಬಿದ್ದಿದೆ. ಗಣಿಗಾರನ ಮಗಳು ತನ್ನ ಮನೆಯ ಹಾಡನ್ನು ತಾನೇ ಬರೆದಿಟ್ಟಳು. ಹೈಸ್ಕೂಲು ಓದಿದ ನಾವು ಬರೆಯಲಿಲ್ಲ. ನಿಮ್ಮ ಮನೆಗಳಲ್ಲಿ ಹಾಡಬಲ್ಲ ಹಿರಿಯರು ಇನ್ನೂ ಇದ್ದರೆ, ಪರೀಕ್ಷೆ ಮುಗಿಯುವ ತನಕ ಕಾಯಬೇಡಿರೆಂದು ಹೇಳುವದಕ್ಕಾಗಿಯೇ ಇಷ್ಟನ್ನು ಬರೆದೆವು.

ನಮ್ಮ ನೆನಪಿನಲ್ಲಿ ಉಳಿದ ಮೂರು ಹಾಡುಗಳನ್ನು ಮೊಮ್ಮಗಳ ಕೈಯಲ್ಲಿ ಬರೆಯಿಸಿದ್ದೇವೆ. ನಾಲ್ಕನೆಯದರ ಮೊದಲ ಸಾಲು ಮಾತ್ರ ಬರುತ್ತದೆ. ಅದರ ಕೆಳಗೆ ಜಾಗ ಬಿಡಿಸಿದ್ದೇವೆ.