ಬೆಣ್ಣಿಹಳ್ಳದ ದಂಡೆ

ಧಾರವಾಡ ಜಿಲ್ಲೆಯ ಮೂಡಣ ಸೀಮೆ ಎರೆಯ ನಾಡು. ಕುಂದಗೋಳ, ಅಣ್ಣಿಗೇರಿ, ನವಲಗುಂದಗಳ ಬಯಲಿನಲ್ಲಿ ನಿಂತು ನೋಡಿದರೆ ಕಣ್ಣು ಹಾಯುವವರೆಗೂ ಉತ್ತ ಕಪ್ಪು ನೆಲವೇ ಕಾಣುವುದು. ಈ ಬಯಲನ್ನು ಸೀಳಿಕೊಂಡು ಬೆಣ್ಣಿಹಳ್ಳವು ಉತ್ತರಕ್ಕೆ ಹರಿದು ಮಲಪ್ರಭೆಯನ್ನು ಕೂಡುತ್ತದೆ. ಅದರ ಇಕ್ಕೆಲಗಳಲ್ಲಿ ಜಾಲಿಯೂ ಹುಲ್ಲೂ ಬೆಳೆದ ಕೆಲವೇ ಮಾರು ಅಗಲದ ದಂಡೆಯಿದೆ. ನೇಗಿಲು ಮುಟ್ಟದ ಆ ನೆಲವನ್ನು ಜನರು ಪಾಳು ಎನ್ನುತ್ತಾರೆ. ಅದು ನಿಜವಾಗಿ ಪಾಳೇ ಎಂಬುದನ್ನು ತಿಳಿಯಬೇಕಾದರೆ ಮಳೆ ಹೊಯ್ದ ಮರುದಿನ ಮುಂಜಾನೆ ಅಲ್ಲಿ ನಡೆದಾಡಬೇಕು.

ಒಂದು ವರ್ಷ ಮೃಗಶಿರಾ ಮಳೆ ಹನಿಯೊಡೆದು ಹೋಯಿತು; ಆರಿದ್ರಾ ಮಳೆ ಇರುಳಿಡೀ ಸುರಿಯಿತು. ಬೆಳಕು ಹರಿಯುವಾಗ ನಾನು ಯಮನೂರಿನ ಸಮೀಪ ಹಳ್ಳದ ದಂಡೆಗೆ ಹೋದೆ. ಎರೆಯ ಮಣ್ಣು ಒಣಗಿದಾಗ ಕುಗ್ಗಿ, ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ನೆನೆದಾಗ ಹಿಗ್ಗಿ, ಆ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಬೇಸಿಗೆಯುದ್ದಕ್ಕೂ ನೆಲದೊಳಗೆ ಅಡಗಿದ್ದ ಕಪ್ಪೆಗಳು ಅಂದು ಹೊರಬಂದಿದ್ದವು. ದೊಡ್ಡ ಜಾತಿಯ ಗಂಡು ಕಪ್ಪೆಗಳು ಅರಿಸಿನ ಹಚ್ಚಿಸಿಕೊಂಡ ಮದುಮಕ್ಕಳಂತೆ ಹಳದಿಯಾಗಿ, ಗಂಟಲಿನ ನೀಲಿ ಚೀಲಗಳನ್ನು ಉಬ್ಬಿಸಿ, ನಿಂತ ನೀರಿನಲ್ಲಿ ಕೂಗುತ್ತಿದ್ದವು. ಹುಲ್ಲಿನ ಬುಡದಲ್ಲಿ ಕೆಂಪು ಮಕಮಲ್ಲಿನ ಚೂರುಗಳಂತೆ ಇಂದ್ರಗೋಪಗಳು ಹರಿದಾಡುತ್ತಿದ್ದವು. ನಾವು ಹುಳು ಎಂದು ಕರೆಯುವ ಈ ಜೀವಿಗೆ ಎಂಟು ಕಾಲುಗಳು. ಅದು ಜೇಡದ ಬಳಗಕ್ಕೆ ಸೇರಿದ್ದು.

ಹಸಿ ಕೆಸರು ಇರುಳಿನ ಸಂಚಾರವನ್ನೆಲ್ಲ ಬರೆದಿಟ್ಟುಕೊಂಡಿತ್ತು. ಮುಂಗುಸಿಯ ಪುಟ್ಟ ಹೆಜ್ಜೆ ಒಂದೆಡೆ, ಚಿಗರಿಯ ಚೂಪಾದ ಗೊರಸಿನ ಗುರುತು ಇನ್ನೊಂದೆಡೆ. ಹುಬ್ಬಳ್ಳಿ-ಧಾರವಾಡಗಳ ನಡುವೆ 2018ರಿಂದ ಓಡುತ್ತಿರುವ ವೇಗದ ಬಸ್ಸಿಗೆ ಚಿಗರಿಯ ಹೆಸರನ್ನೇ ಇಟ್ಟಿದ್ದಾರೆ. ಹೆಸರು ಪೇಟೆಯಲ್ಲಿ ಮೆರೆಯುತ್ತಿದೆ. ಹೆಸರಿನ ಒಡೆಯನು ಬಿತ್ತಿದ ಹೊಲಗಳ ಅಂಚಿನಲ್ಲಿ ಅಂಜುತ್ತ ಮೇಯುತ್ತಾನೆ.

ಮುಂದೆ ಹೋಗುತ್ತಲೇ ಟಿಟ್ಟಿಭವೊಂದು ತಲೆಯ ಮೇಲೆ ಸುತ್ತುತ್ತ ಅರಚತೊಡಗಿತು. ಅದು ಬರಿಯ ನೆಲದಲ್ಲಿ, ಹರಳುಗಳ ನಡುವೆ, ಮಣ್ಣಿನ ಬಣ್ಣದ ಚುಕ್ಕೆಯ ಮೊಟ್ಟೆಗಳನ್ನಿಡುವ ಹಕ್ಕಿ. ಬಿಸಿಲು ಏರಿದಾಗ ಎದೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಸುವುದೂ ಉಂಟು. ನಾನು ದಾರಿ ಬಿಟ್ಟು ಸರಿದೆ. ನೀರಿನ ಮೇಲೆ ಬಾಗಿದ ಜಾಲಿಯಲ್ಲಿ ಗಂಡು ಗೀಜಗವೊಂದು ಹುಲ್ಲಿನ ಎಳೆಗಳಿಂದ ಗೂಡು ಹೆಣೆಯುತ್ತಿತ್ತು. ಅರ್ಧ ಹೆಣೆದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿದರೆ ಮಾತ್ರ ಉಳಿದ ಕೆಲಸ ಸಾಗುತ್ತದೆ. ಪಕ್ಕದ ಪೊದೆಯಲ್ಲಿ ಚಾತಕವೊಂದು ಕುಳಿತಿತ್ತು. ಕವಿಗಳು ಅದನ್ನು ಮಳೆಹನಿಯನ್ನಷ್ಟೇ ಕುಡಿಯುವ ವ್ರತಧಾರಿಯೆಂದು ಹೊಗಳಿದ್ದಾರೆ. ಅದು ಕಂಬಳಿಹುಳುಗಳನ್ನು ತಿಂದು, ತನ್ನ ಮೊಟ್ಟೆಯನ್ನು ಹರಟೆಮಲ್ಲ ಹಕ್ಕಿಯ ಗೂಡಿನಲ್ಲಿಟ್ಟು, ಸಾಕುವ ಭಾರವನ್ನು ಅದಕ್ಕೇ ಬಿಡುವ ಜಾಣ ಹಕ್ಕಿಯೂ ಹೌದು. ದಂಡೆಯ ಕಡಿದಾದ ಮಣ್ಣಿನ ಗೋಡೆಯಲ್ಲಿ ಮಿಂಚುಳ್ಳಿಯ ಬಿಲವಿತ್ತು.

ಇಷ್ಟು ಜೀವಗಳಿಗೆ ನೆಲೆಯಾದದ್ದು ಆ ಕೆಲವು ಮಾರು ನೆಲ. ಆದರೆ ರೈತನ ನೋವನ್ನು ಮರೆತು ಮಾತಾಡುವುದು ನ್ಯಾಯವಲ್ಲ. 2009ರಲ್ಲಿಯೂ 2019ರಲ್ಲಿಯೂ ಈ ಸೀಮೆಯಲ್ಲಿ ನೆರೆ ಬಂದು ಬೆಳೆ, ಮನೆಗಳು ಹಾಳಾದವು. ಹೂಳು ತೆಗೆಯಬೇಕು, ಹಳ್ಳವನ್ನು ಅಗಲ ಮಾಡಬೇಕು ಎಂಬ ಕೂಗಿನ ಹಿಂದೆ ಕಣ್ಣೀರಿದೆ. ಹೂಳನ್ನು ತೆಗೆಯೋಣ, ಹರಿವಿಗೆ ಅಡ್ಡವಾಗಿ ಪಾತ್ರದ ನಡುವೆ ಬೆಳೆದ ಜಾಲಿಯನ್ನೂ ಕಡಿಯೋಣ. ದಂಡೆಯನ್ನು ಮಾತ್ರ ಬೋಳು ಮಾಡದಿರೋಣ. ಅಲ್ಲಿಯ ಹುಲ್ಲಿನ ಬೇರು, ಗಿಡದ ಬೇರು ಎರೆಯ ಮಣ್ಣನ್ನು ಹಿಡಿದು ನಿಲ್ಲಿಸುತ್ತವೆ. ಬೇರು ಹೋದ ಮೇಲೆ ನೆರೆಯ ನೀರಿಗೆ ಮೊದಲು ತುತ್ತಾಗುವುದು ಪಕ್ಕದ ಹೊಲವೇ.

ಹೊಲವೊಂದಕ್ಕೆ ಇನ್ನೆರಡು ಸಾಲು ಕೂಡಿಸುವ ಆಸೆಯಿಂದ ದಂಡೆಯನ್ನು ಉತ್ತರೆ ಒಂದೆರಡು ಚೀಲ ಹೆಸರು ಹೆಚ್ಚು ಬೆಳೆದೀತು. ಆದರೆ ಟಿಟ್ಟಿಭಕ್ಕೂ ಗೀಜಗಕ್ಕೂ ಈ ಬಯಲಿನಲ್ಲಿ ಹೋಗಲು ಬೇರೆ ನೆಲವೆಲ್ಲಿದೆ? ನಾವು ಪಾಳು ಎಂದು ಕರೆದ ನೆಲದಲ್ಲಿ ಯಾರು ಯಾರು ಬಾಳುತ್ತಿದ್ದಾರೆಂಬುದನ್ನು ನೇಗಿಲು ಹೂಡುವ ಮೊದಲು ಒಮ್ಮೆ ಹೋಗಿ ನೋಡುವುದು ಒಳ್ಳೆಯದು.